ಗಸಿಯ ಮೇಲೆ ಮಲಗಿದ ವೈನು

(ಬೆಂಗಳೂರಿನಲ್ಲಿ ಅಡುಗೆ, ಊಟದ ಹುಚ್ಚಿರುವ ಕೆಲವು ಗೆಳೆಯರ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಆಡಿದ್ದನ್ನು ಸ್ವಲ್ಪ ಒಪ್ಪ ಮಾಡಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಶುರು ಮಾಡುವ ಮೊದಲೇ ಹೇಳಿಬಿಡುತ್ತೇನೆ, ನಾನು ವೈನ್ ಪಂಡಿತನಲ್ಲ. ಗ್ಲಾಸನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, "ಆಹಾ, ಮಳೆ ಬಿದ್ದ ಕಲ್ಲಿನ ವಾಸನೆ" ಅನ್ನುವ ಪೈಕಿಯೂ ಅಲ್ಲ. ಕೆಲಸದ ಮೇಲೆ ಮೂರು ವರ್ಷ ಫ್ರಾನ್ಸಿನ ನಾಂತ್ ಪಟ್ಟಣದಲ್ಲಿದ್ದೆ, ಅಷ್ಟೇ. ಲುವಾರ್ ನದಿ ಅಟ್ಲಾಂಟಿಕ್ ಸಾಗರ ಸೇರುವುದಕ್ಕೆ ಸ್ವಲ್ಪ ಮೊದಲು ಸಿಗುವ ಊರು ಅದು. ಅಲ್ಲಿ ಮನೆಮನೆಯಲ್ಲೂ ಕುಡಿಯುವ ಒಂದು ಬಿಳಿ ವೈನ್ ಇದೆ. ಹೆಸರು ಮುಸ್ಕಾದೆ. ಅದರ ಬಗ್ಗೆ, ಅದರ ಜೊತೆ ಏನು ತಿನ್ನುತ್ತಾರೆ ಅನ್ನುವುದರ ಬಗ್ಗೆ ಮಾತಾಡಿ ಅಂದಿರಿ. ಬಂದಿದ್ದೇನೆ.

ಮೊದಲು ಹೆಸರಿನ ಗೊಂದಲ ಮುಗಿಸೋಣ. ಮಸ್ಕಟ್ ಅಂತ ಒಂದು ದ್ರಾಕ್ಷಿ ಇದೆ, ಘಮಘಮ ಅನ್ನುವಂಥದ್ದು. ಇದಕ್ಕೂ ಅದಕ್ಕೂ ನೆಂಟಸ್ತಿಕೆ ಇಲ್ಲ. ಮುಸ್ಕಾದೆ ಅನ್ನುವುದು ದ್ರಾಕ್ಷಿಯ ಹೆಸರಲ್ಲ, ಊರಿನ ಹೆಸರೂ ಅಲ್ಲ. ವೈನಿನ ಹೆಸರು, ಅಷ್ಟೇ. ದ್ರಾಕ್ಷಿಯ ಹೆಸರು ಮೆಲೋಂ ದ ಬೂರ್ಗೋನ್, ಅಂದರೆ ಬರ್ಗಂಡಿಯ ಕರ್ಬೂಜ! ಬರ್ಗಂಡಿ ಅನ್ನುವುದು ಪೂರ್ವ ಫ್ರಾನ್ಸಿನ ಒಂದು ಸೀಮೆ. ಎಲೆ ಗುಂಡಗಿರುವುದಕ್ಕೆ ಆ ಹೆಸರು ಬಂತು ಅನ್ನುತ್ತಾರೆ. ಕುಡಿದರೆ ಕರ್ಬೂಜದ ರುಚಿಯೇನೂ ಸಿಗುವುದಿಲ್ಲ.

ನಿಜ ಹೇಳಬೇಕು ಅಂದರೆ ಮೊದಲ ಗುಟುಕಿನಲ್ಲಿ ಯಾವ ರುಚಿಯೂ ಸಿಗುವುದಿಲ್ಲ. ಸ್ವಲ್ಪ ಹುಳಿ. ಹಸಿರು ಸೇಬಿನ, ನಿಂಬೆ ಸಿಪ್ಪೆಯ ನೆನಪು. ಕೊನೆಯಲ್ಲಿ ನಾಲಿಗೆಯ ಅಂಚಿಗೆ ಒಂಚೂರು ಉಪ್ಪುಪ್ಪು. ಮುಗಿಯಿತು. ಅಮಲೂ ಜಾಸ್ತಿ ಇಲ್ಲ, ಆಲ್ಕೋಹಾಲ್ ಶೇ. 12ರ ಆಸುಪಾಸು. "ಇದೇನ್ರೀ ಸಪ್ಪೆ" ಅಂತ ನಾನೂ ಅಂದುಕೊಂಡಿದ್ದೆ. ಆದರೆ ಎಲೆಯ ತುದಿಗೆ ಬಡಿಸಿದ ಉಪ್ಪನ್ನು ಮಾತ್ರ ನೆಕ್ಕಿ ನೋಡಿ ಯಾರಾದರೂ ಊಟಕ್ಕೆ ಮಾರ್ಕ್ಸ್ ಕೊಡುತ್ತಾರಾ? ಮುಸ್ಕಾದೆಯನ್ನು ಒಂಟಿಯಾಗಿ ಕುಡಿದು ತೀರ್ಪು ಕೊಡುವುದೂ ಹಾಗೇ. ಎಲೆ ತುಂಬಿದ ಮೇಲೆ ಅದರ ಕೆಲಸ ಶುರು. ಇವತ್ತಿನ ನನ್ನ ಮಾತೆಲ್ಲ ಇದೊಂದರ ಸುತ್ತಲೇ.

ಇದು ನನಗೆ ಗೊತ್ತಾದದ್ದು ಒಂದು ಪೆಚ್ಚು ಪ್ರಸಂಗದಿಂದ. ಅಲ್ಲಿಗೆ ಹೋದ ಎರಡನೇ ವಾರ ಆಫೀಸಿನವರು ಊಟಕ್ಕೆ ಕರೆದುಕೊಂಡು ಹೋದರು. ಐಸ್ ಹರಡಿದ ದೊಡ್ಡ ತಟ್ಟೆಯಲ್ಲಿ ಎರಡು ಡಜನ್ ಹಸಿ ಆಯ್ಸ್ಟರ್ ಬಂತು. ನಮ್ಮ ಮನೆಯಲ್ಲಿ ಮೀನಿಗೆ ಅಭ್ಯಂತರ ಇರಲಿಲ್ಲ. ಆದರೆ ಚಿಪ್ಪಿನೊಳಗೆ ಹಸಿಹಸಿಯಾಗಿ ಮಿಸುಕುತ್ತಿರುವುದನ್ನು ನುಂಗು ಅಂದರೆ ಹೇಗೆ? ಧೈರ್ಯಕ್ಕೆ ಇರಲಿ ಅಂತ ಕೆಂಪು ವೈನ್ ಹೇಳಿದೆ. ಕೆಂಪೇ ಅಸಲಿ ವೈನ್, ಬಿಳಿಯದು ಸುಮ್ನೆ ಶೋಕಿ ಅನ್ನುವುದು ಆಗಿನ ನನ್ನ ಜ್ಞಾನ. ಬಡಿಸುವವನು ಒಂದು ಕ್ಷಣ ನನ್ನ ಮುಖ ನೋಡಿದ. ಏನೂ ಹೇಳದೆ ತಂದಿಟ್ಟ. ಆಯ್ಸ್ಟರ್ ನುಂಗಿದೆ, ಮೇಲೆ ಒಂದು ಗುಟುಕು ಕೆಂಪು ವೈನ್. ಬಾಯಲ್ಲಿ ಹಳೇ ನಾಲ್ಕಾಣೆ ಬಿಲ್ಲೆ ಇಟ್ಟುಕೊಂಡ ಹಾಗಾಯಿತು. ಜೊತೆಗೆ ಮುಗ್ಗಿದ ಮೀನಿನ ವಾಸನೆ. ತಪ್ಪು ಆಯ್ಸ್ಟರಿನದ್ದು ಅಂತ ತಟ್ಟೆಯನ್ನು ಅತ್ತ ತಳ್ಳಿದೆ.

ಪಕ್ಕದಲ್ಲಿದ್ದ ಸಹೋದ್ಯೋಗಿ ನಗುತ್ತಾ ತನ್ನ ಗ್ಲಾಸನ್ನು ನನ್ನತ್ತ ಸರಿಸಿದ. ಅದರಲ್ಲಿದ್ದದ್ದು ಮುಸ್ಕಾದೆ. ಅದೇ ತಟ್ಟೆಯ ಇನ್ನೊಂದು ಆಯ್ಸ್ಟರ್, ಮೇಲೆ ಈ ವೈನ್. ಲೋಹದ ರುಚಿ ಮಾಯ. ಬಾಯಲ್ಲಿ ಉಳಿದದ್ದು ಸಮುದ್ರದ ಉಪ್ಪು, ಹಿಂದೆ ಒಂದು ಸಣ್ಣ ಸಿಹಿ. ಆ ಸಿಹಿ ಆಯ್ಸ್ಟರಿನದ್ದು. ವೈನ್ ಪಕ್ಕಕ್ಕೆ ಸರಿದು ಅದಕ್ಕೆ ಜಾಗ ಕೊಟ್ಟಿತ್ತು.

ಕೆಂಪು ವೈನ್ ಯಾಕೆ ಹಾಗೆ ಮಾಡಿತು ಅನ್ನುವುದಕ್ಕೆ ಕಾರಣ ಆಮೇಲೆ ಓದಿ ತಿಳಿದುಕೊಂಡೆ. ಜಪಾನಿನ ಸಂಶೋಧಕರು 2009ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಒಣಗಿಸಿದ ಸ್ಕ್ಯಾಲಪ್ ಅನ್ನುವ ಚಿಪ್ಪುಜೀವಿಯ ಜೊತೆ ಬೇರೆ ಬೇರೆ ವೈನುಗಳ ರುಚಿ ನೋಡಿಸಿದ್ದರು. ವೈನಿನಲ್ಲಿ ಕಬ್ಬಿಣದ ಅಂಶ ಎಷ್ಟು ಹೆಚ್ಚೋ, ಬಾಯಲ್ಲಿ ಮೀನಿನ ಕಮಟು ಅಷ್ಟು ಹೆಚ್ಚು. ಕೆಂಪು ವೈನುಗಳಲ್ಲಿ ಕಬ್ಬಿಣ ಸಾಮಾನ್ಯವಾಗಿ ಜಾಸ್ತಿ ಇರುತ್ತದೆ. ಅಂದರೆ ನನ್ನ ನಾಲ್ಕಾಣೆ ಬಿಲ್ಲೆ ಪೂರ್ತಿ ಕಲ್ಪನೆ ಆಗಿರಲಿಲ್ಲ.

ಇನ್ನು ಸ್ವಲ್ಪ ಚರಿತ್ರೆ. ಬೇಜಾರಾಗಬೇಡಿ, ರಾಜರ ಪಟ್ಟಿ ಇಲ್ಲ.

17ನೇ ಶತಮಾನದಲ್ಲಿ ಲುವಾರ್ ನದಿಯ ಬಾಯಿಗೆ ಡಚ್ ವ್ಯಾಪಾರಿಗಳು ಹಡಗು ತರುತ್ತಿದ್ದರು. ಅವರಿಗೆ ಬೇಕಾಗಿದ್ದು ಒಳ್ಳೆಯ ವೈನ್ ಅಲ್ಲ. ಬಟ್ಟಿ ಇಳಿಸಲು ಅಗ್ಗದ, ಹುಳಿಯ ಬಿಳಿ ವೈನ್. ಬ್ರಾಂದೆವೈನ್, ಅಂದರೆ ಸುಟ್ಟ ವೈನ್, ಅನ್ನುವ ಅವರ ಮಾತಿನಿಂದಲೇ ನಮ್ಮ ಬಾಯಿಗೆ ಬ್ರಾಂದಿ ಬಂದದ್ದು. ಗಿರಾಕಿ ಕೇಳಿದ್ದನ್ನು ಬೆಳೆಯುವುದು ರೈತನ ಧರ್ಮ. ನಾಂತ್ ಸುತ್ತ ಬಿಳಿ ದ್ರಾಕ್ಷಿ ಹಬ್ಬಿತು. ಆಮೇಲೆ 1709ರ ಚಳಿಗಾಲ ಬಂತು. ಫ್ರೆಂಚರು ಅದನ್ನು ಇವತ್ತಿಗೂ ಮಹಾ ಚಳಿ ಅನ್ನುತ್ತಾರೆ. ಕಡಲ ಅಂಚು ಹೆಪ್ಪುಗಟ್ಟಿತು. ಪೀಪಾಯಿಯೊಳಗೆ ವೈನ್ ಹೆಪ್ಪುಗಟ್ಟಿತು. ಬಳ್ಳಿಗಳು ಸಾಲುಸಾಲಾಗಿ ಸತ್ತವು. ಮತ್ತೆ ನೆಡುವಾಗ ಚಳಿ ತಡೆಯುವ ತಳಿ ಅಂತ ಮೆಲೋಂ ದ್ರಾಕ್ಷಿಗೆ ಆದ್ಯತೆ ಸಿಕ್ಕಿತು.

ಈ ದ್ರಾಕ್ಷಿಗೆ ತವರಿನಲ್ಲಿ ಮರ್ಯಾದೆ ಇರಲಿಲ್ಲ. ಬರ್ಗಂಡಿಯಲ್ಲಿ ಇದನ್ನು ಕಿತ್ತುಹಾಕಿ ಅಂತ ಆಜ್ಞೆಯೇ ಹೊರಟಿತ್ತು. ಮಜಾ ಏನು ಗೊತ್ತಾ? 1999ರಲ್ಲಿ ಡಿಎನ್ಎ ಪರೀಕ್ಷೆ ಮಾಡಿ ನೋಡಿದರೆ ಇದರ ಅಪ್ಪ ಅಮ್ಮ ಪೀನೋ ಮತ್ತು ಗುವೇ ಬ್ಲಾಂ ಅನ್ನುವ ದ್ರಾಕ್ಷಿ ತಳಿಗಳು. ಜಗತ್ತೆಲ್ಲ ತಲೆ ಮೇಲೆ ಹೊತ್ತು ಮೆರೆಸುವ ಶಾರ್ಡನೆ ದ್ರಾಕ್ಷಿಯ ಅಪ್ಪ ಅಮ್ಮನೂ ಅವೇ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಎರಡರಲ್ಲಿ ಒಂದು ಅರಮನೆ ಸೇರಿತು, ಇನ್ನೊಂದು ಮೀನುಪೇಟೆ ಸೇರಿತು.

ಈಗ ಗಸಿಯ ವಿಷಯಕ್ಕೆ ಬರುತ್ತೇನೆ. ಗಸಿ ಅಂದ ಕೂಡಲೇ ಮಂಗಳೂರಿನವರಿಗೆ ಕೋರಿ ಗಸಿ ನೆನಪಾಗಿರಬಹುದು. ಅದಲ್ಲ. ತಳದಲ್ಲಿ ಕೂತ ಮಡ್ಡಿಯ ಮಾತು ನಾನು ಹೇಳುತ್ತಿರುವುದು.

ದ್ರಾಕ್ಷಿರಸ ಹುದುಗುವಾಗ ಯೀಸ್ಟ್ ಸಕ್ಕರೆಯನ್ನೆಲ್ಲ ತಿಂದು ಮುಗಿಸುತ್ತದೆ. ಆಮೇಲೆ ಸತ್ತು ತಳಕ್ಕೆ ಕೂರುತ್ತದೆ. ಬಹಳ ಕಡೆ ವೈನನ್ನು ಬೇರೆ ತೊಟ್ಟಿಗೆ ಬಗ್ಗಿಸಿ ಈ ಗಸಿಯನ್ನು ಬೇಗ ಬೇರ್ಪಡಿಸುತ್ತಾರೆ. ಮುಸ್ಕಾದೆಯವರು ಮುಟ್ಟುವುದಿಲ್ಲ. ವೈನ್ ಚಳಿಗಾಲವಿಡೀ ಗಸಿಯ ಮೇಲೇ ಮಲಗಿರುತ್ತದೆ. ಬಾಟಲಿಯ ಮೇಲೆ ‘ಸ್ಯುರ್ ಲೀ’ ಅಂತ ಇದ್ದರೆ ಅರ್ಥ ಇಷ್ಟೇ: ಗಸಿಯ ಮೇಲೆ. ಕೊಯ್ಲಿನ ಮುಂದಿನ ವರ್ಷದ ಮಾರ್ಚ್ 1ರ ತನಕವಾದರೂ ಹಾಗೇ ಇಡಬೇಕು, ಮಾಡಿದ ಜಾಗದಲ್ಲೇ ಬಾಟಲಿಗೆ ತುಂಬಬೇಕು ಅನ್ನುವುದು ನಿಯಮ. ಹಿಂದೆ ಪ್ರತಿ ಮನೆಯಲ್ಲೂ ಮದುವೆ ಮುಂಜಿಗೆ ಅಂತ ಒಳ್ಳೆಯದೊಂದು ಪೀಪಾಯಿ ಎತ್ತಿಡುತ್ತಿದ್ದರಂತೆ. ಅದನ್ನು ಯಾರೂ ಬಗ್ಗಿಸಿ ಶುದ್ಧ ಮಾಡುತ್ತಿರಲಿಲ್ಲ. ತೆಗೆದು ಕುಡಿದರೆ ಉಳಿದವಕ್ಕಿಂತ ಇದೇ ರುಚಿ! ಅಲ್ಲಿಂದ ಈ ಪದ್ಧತಿ ಬಂತು ಅನ್ನುವುದು ಊರಿನವರ ಕತೆ.

ಒಂದು ಫೆಬ್ರುವರಿ ಶನಿವಾರ ಕ್ಲಿಸೋಂ ಹತ್ತಿರದ ಒಂದು ತೋಟದ ಮನೆಗೆ ಹೋಗಿದ್ದೆ. ಅಲ್ಲಿ ನೆಲಮಾಳಿಗೆ, ಮರದ ಪೀಪಾಯಿ, ಜೇಡರ ಬಲೆ ಎಲ್ಲ ಇರುತ್ತದೆ ಅಂದುಕೊಂಡಿದ್ದೆ. ಒಂದು ಸಾದಾ ಶೆಡ್ಡು. ಖಾಲಿ ಸಿಮೆಂಟು ನೆಲ. "ವೈನ್ ಎಲ್ಲಿ?" ಅಂದೆ. ಯಜಮಾನರು ಬೂಟಿನಿಂದ ನೆಲಕ್ಕೆ ಎರಡು ಸಲ ತಟ್ಟಿದರು. ನಾವು ನಿಂತದ್ದೇ ವೈನಿನ ಮೇಲೆ! ಈ ಕಡೆ ತೊಟ್ಟಿಗಳನ್ನು ನೆಲದೊಳಗೇ ಕಟ್ಟುತ್ತಾರೆ, ಒಳಗೆ ಗಾಜಿನ ಬಿಲ್ಲೆ ಹಾಸಿರುತ್ತದೆ. ನಮ್ಮ ಮನೆಗಳ ಸಂಪ್ ಇದ್ದ ಹಾಗೆ. ಮಣ್ಣಿನ ತಂಪು ತಾನಾಗಿ ಸಿಗುತ್ತದೆ. ಒಂದು ಮುಚ್ಚಳ ತೆಗೆದು, ಉದ್ದನೆಯ ಗಾಜಿನ ಕೊಳವೆ ಇಳಿಸಿ, ನನ್ನ ಗ್ಲಾಸಿಗೆ ಸ್ವಲ್ಪ ಬಿಟ್ಟರು. ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬು ಮಬ್ಬು. ಮೂಗಿಗೆ ಹಿಡಿದರೆ ಬೆಳಗಿನ ಜಾವ ಬೇಕರಿಯ ಹಿಂಬಾಗಿಲಲ್ಲಿ ಬರುತ್ತದಲ್ಲ, ಆ ಹಿಟ್ಟಿನ ವಾಸನೆ. ನಾಲಿಗೆಗೆ ಜುಮ್ ಅಂತ ಒಂದು ಸಣ್ಣ ಚುರುಕು.

ಆ ಚುರುಕು ಹುದುಗುವಾಗ ಹುಟ್ಟಿದ ಇಂಗಾಲದ ಡೈ ಆಕ್ಸೈಡ್. ವೈನನ್ನು ಅಲ್ಲಾಡಿಸದೆ ಇಟ್ಟದ್ದಕ್ಕೆ ಸ್ವಲ್ಪ ಒಳಗೇ ಉಳಿದಿರುತ್ತದೆ. ಗಸಿ ಇನ್ನೊಂದು ಉಪಕಾರ ಮಾಡುತ್ತದೆ. ಸತ್ತ ಯೀಸ್ಟಿನ ಕೋಶಗಳು ನಿಧಾನಕ್ಕೆ ಒಡೆದು ತಮ್ಮೊಳಗಿನದನ್ನು ವೈನಿಗೆ ಬಿಟ್ಟುಕೊಡುತ್ತವೆ. ಅದರಿಂದ ತೆಳ್ಳಗಿನ ವೈನಿಗೆ ಒಂದು ಮೈ ಬರುತ್ತದೆ, ಹುಳಿಯ ಚೂಪು ಕಮ್ಮಿ ಅನ್ನಿಸುತ್ತದೆ. ದ್ರಾಕ್ಷಿಯ ಹತ್ತಿರ ಕೊಡುವುದಕ್ಕೆ ಜಾಸ್ತಿ ಏನೂ ಇಲ್ಲ, ಗಸಿ ಕೊಟ್ಟಿತು. ನನಗೆ ಈ ವೈನಿನ ಮೇಲೆ ಪ್ರೀತಿ ಹುಟ್ಟಿದ್ದು ಇಲ್ಲಿ.

ಈಗ ತಟ್ಟೆಗೆ ಬರೋಣ.

ನಾಂತ್‌ನಲ್ಲಿ ತಲಾಂಸಾಕ್ ಅಂತ ಒಂದು ಮಾರುಕಟ್ಟೆ ಇದೆ. 1937ರಿಂದ ನಡೆಯುತ್ತಿದೆ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಅಲ್ಲಿಗೆ ಹೋದರೆ ಜನ ಚೀಲ ಕಾಲ ಬಳಿ ಇಟ್ಟುಕೊಂಡು ನಿಂತಲ್ಲೇ ಆಯ್ಸ್ಟರ್ ತಿನ್ನುತ್ತಿರುತ್ತಾರೆ. ಅಂಗಡಿಯಾಕೆ ಚಿಪ್ಪನ್ನು ಬಟ್ಟೆಯಲ್ಲಿ ಹಿಡಿದು, ಮೊಂಡು ಚಾಕುವನ್ನು ಪಕ್ಕದಿಂದ ತೂರಿಸಿ, ಒಳಗಿನ ಸ್ನಾಯು ಕತ್ತರಿಸುತ್ತಾಳೆ. ಮೇಲಿನ ಚಿಪ್ಪು ಟಕ್ ಅಂತ ಬರುತ್ತದೆ. ಮೊದಲ ನೀರು ಚೆಲ್ಲುತ್ತಾಳೆ. ಸ್ವಲ್ಪ ಹೊತ್ತಿಗೆ ಆಯ್ಸ್ಟರ್ ಎರಡನೇ ನೀರು ಬಿಡುತ್ತದೆ. ಕುಡಿಯಬೇಕಾದದ್ದು ಅದು. ಅಂಗಡಿಯಲ್ಲಿ ನಂಬರ್ ಹಾಕಿರುತ್ತಾರೆ, ನಂಬರ್ ದೊಡ್ಡದಾದಷ್ಟೂ ಆಯ್ಸ್ಟರ್ ಚಿಕ್ಕದು. ನನ್ನಂಥ ಹೊಸಬರಿಗೆ 3 ಅಥವಾ 4 ಸರಿ. ಜೊತೆಗೆ ರೈ ಬ್ರೆಡ್ಡು, ಉಪ್ಪು ಬೆಣ್ಣೆ. ಈಗ ಸಿಗುವ ಆಯ್ಸ್ಟರುಗಳಲ್ಲಿ ಹೆಚ್ಚಿನವು ಮೂಲದಲ್ಲಿ ಜಪಾನಿನ ಜಾತಿ. 1970ರ ಸುಮಾರಿಗೆ ಹಳೆಯ ಜಾತಿ ರೋಗ ಬಂದು ನಾಶವಾದಾಗ ಅಲ್ಲಿಂದ ತಂದು ಬಿಟ್ಟದ್ದು. ವಿಲಾಯಿತಿ ಸಂಪ್ರದಾಯ ಅಂತ ನಾವು ಅಂದುಕೊಳ್ಳುವುದೂ ಬಹಳ ಹಳೆಯದೇನಲ್ಲ.

ನಿಂಬೆ ಹಿಂಡುವವರು ಇದ್ದಾರೆ. ಸಣ್ಣಗೆ ಹೆಚ್ಚಿದ ಈರುಳ್ಳಿ, ವಿನೆಗರ್ ಹಾಕುವವರೂ ಇದ್ದಾರೆ. ನನಗೆ ಎರಡೂ ಬೇಡ. ಮುಸ್ಕಾದೆ ಗ್ಲಾಸಿನಲ್ಲಿದ್ದರೆ ಹುಳಿಯ ಪಾಲು ಅದೇ ವಹಿಸಿಕೊಳ್ಳುತ್ತದೆ. ಮೇಲೆ ನಿಂಬೆಯೂ ಬಿದ್ದರೆ ವೈನ್ ನೀರಾಗುತ್ತದೆ. ಇದು ನನ್ನ ನಾಲಿಗೆಯ ಮಾತು, ಜಗಳಕ್ಕೆ ಬರಬೇಡಿ.

ಆದರೆ ಆಯ್ಸ್ಟರ್ ಜೋಡಿ ಎಷ್ಟು ಪ್ರಸಿದ್ಧ ಅಂದರೆ, ಅದೇ ಈ ವೈನಿಗೆ ಮುಳುವೂ ಆಯಿತು. ಬೇರೆ ಯಾವುದಕ್ಕೂ ಯಾರೂ ಇದನ್ನು ತೆರೆಯುವುದಿಲ್ಲ. ನನ್ನನ್ನು ಕೇಳಿದರೆ ಇದರ ಎಲ್ಲಕ್ಕಿಂತ ಒಳ್ಳೆಯ ಜೊತೆ ಆಯ್ಸ್ಟರ್ ಅಲ್ಲವೇ ಅಲ್ಲ. ಬೆರ್ ಬ್ಲಾಂ ಅನ್ನುವ ಬೆಣ್ಣೆ ಸಾಸು.

ನಾಂತ್‌ನಿಂದ ನದಿಯ ಗುಂಟ ಸ್ವಲ್ಪ ಮೇಲಕ್ಕೆ ಹೋದರೆ ಸಾಂ ಜೂಲಿಯಾಂ ದ ಕೋಂಸೆಲ್ ಅನ್ನುವ ಊರು. ಅಲ್ಲಿ ಕ್ಲೆಮಾನ್ಸ್ ಲೆಫೆವ್ರ್ ಅನ್ನುವ ಅಡುಗೆಯಾಕೆ ಇದ್ದರು. ಸುಮಾರು 1900ರ ಆಚೀಚೆಯ ಕಾಲ. ಬೆಯಾರ್ನೆಸ್ ಅನ್ನುವ ಸಾಸ್ ಮಾಡಲು ಹೋಗಿ ಮೊಟ್ಟೆಯ ಹಳದಿ ಹಾಕುವುದು ಮರೆತುಹೋಯಿತಂತೆ, ಅದರಿಂದ ಇದು ಹುಟ್ಟಿತಂತೆ. ಅಡುಗೆಮನೆಯ ಕತೆಗಳಲ್ಲಿ ಯಾವಾಗಲೂ ಯಾರೋ ಏನೋ ಮರೆಯುತ್ತಾರೆ, ನೋಡಿ. ಮಾಡುವುದು ಹೀಗೆ. ಸಾಂಬಾರ್ ಈರುಳ್ಳಿಯಂಥ ಚಿಕ್ಕ ಈರುಳ್ಳಿಯನ್ನು ಬಹಳ ಸಣ್ಣಗೆ ಹೆಚ್ಚಿ. ವಿನೆಗರ್, ಮುಸ್ಕಾದೆ ಹಾಕಿ ಸಣ್ಣ ಉರಿಯಲ್ಲಿ ಕುದಿಸಿ. ಎರಡು ಚಮಚ ದ್ರವ ಉಳಿದಾಗ ಉರಿ ತೀರಾ ಇಳಿಸಿ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಬೆಣ್ಣೆಯ ತುಂಡುಗಳನ್ನು ಒಂದೊಂದಾಗಿ ಹಾಕುತ್ತಾ ಕೈಬಿಡದೆ ಕಡೆಯುತ್ತಿರಿ. ಕುದಿಯಬಾರದು. ನನ್ನ ಮೊದಲ ಪ್ರಯತ್ನದಲ್ಲಿ ಫೋನ್ ಬಂತು, ಅರ್ಧ ನಿಮಿಷ ಮಾತಾಡಿದೆ. ತಿರುಗಿ ನೋಡಿದರೆ ಒಡೆದು ತುಪ್ಪ ಬೇರೆ, ಈರುಳ್ಳಿ ಬೇರೆ. ಸರಿಯಾಗಿ ಬಂದರೆ ಕೆನೆಯ ಹಾಗೆ ಬೆಳ್ಳಗೆ, ನಯವಾಗಿ ಇರುತ್ತದೆ.

ಇದನ್ನು ಲುವಾರ್ ನದಿಯ ಪೈಕ್ ಮೀನಿನ ಮೇಲೆ ಸುರಿಯುತ್ತಾರೆ. ಮುಳ್ಳು ಜಾಸ್ತಿ, ಆದರೆ ಮಾಂಸ ಗಟ್ಟಿ. ಬೆಣ್ಣೆ ಬಾಯಿಗೆಲ್ಲ ಅಂಟಿಕೊಳ್ಳುತ್ತದೆ. ಒಂದು ಗುಟುಕು ಮುಸ್ಕಾದೆ ಅದನ್ನು ತೊಳೆದುಬಿಡುತ್ತದೆ. ಮುಂದಿನ ತುತ್ತು ಮತ್ತೆ ಮೊದಲನೆಯದರ ಹಾಗೇ. ಸಾಸಿನಲ್ಲೂ ಅದೇ ವೈನ್ ಇರುವುದರಿಂದ ತಟ್ಟೆಗೂ ಗ್ಲಾಸಿಗೂ ಒಂದು ಗುರುತಿನ ಸಲುಗೆ. ಅಡುಗೆಗೆ ಅಂತ ಹಾಳಾದ ವೈನ್ ಬಳಸಬೇಡಿ, ಕುಡಿಯುವುದನ್ನೇ ಹಾಕಿ.

ಉಳಿದವು ಚಿಕ್ಕದಾಗಿ. ಮಸಲ್ ಅನ್ನುವ ಕಪ್ಪು ಚಿಪ್ಪಿನದನ್ನು ಇದೇ ವೈನಿನಲ್ಲಿ ಈರುಳ್ಳಿ, ಪಾರ್ಸ್ಲಿ ಹಾಕಿ ಬೇಯಿಸುತ್ತಾರೆ, ಐದು ನಿಮಿಷದ ಅಡುಗೆ. ಡಬ್ಬಿಯ ಸಾರ್ಡೀನ್ ನಮ್ಮ ಬೂತಾಯಿಯ ದೂರದ ನೆಂಟ. 1820ರ ದಶಕದಲ್ಲಿ ಅದನ್ನು ಕಾರ್ಖಾನೆ ಹಾಕಿ ಡಬ್ಬಿ ಮಾಡಲು ಶುರು ಮಾಡಿದ್ದೇ ನಾಂತ್‌ನಲ್ಲಿ. ಸುಟ್ಟ ಬ್ರೆಡ್ಡು, ಬೆಣ್ಣೆ, ಎರಡು ಸಾರ್ಡೀನ್, ಒಂದು ಗ್ಲಾಸ್ ಮುಸ್ಕಾದೆ. ಒಂಟಿಯಾಗಿದ್ದ ಎಷ್ಟೋ ರಾತ್ರಿ ನನ್ನ ಊಟ ಅಷ್ಟೇ. ಕ್ಯುರೇ ನಾಂತೇ ಅನ್ನುವ ಆ ಕಡೆಯ ಚೀಸು ಮಾತ್ರ ಗಮನಿಸಿ. ಹೊರಗೆ ಭಯಂಕರ ವಾಸನೆ, ಒಳಗೆ ಸೌಮ್ಯ. ಇಷ್ಟು ಮೆದು ವೈನ್ ಅಷ್ಟು ಗಡಸು ವಾಸನೆಯನ್ನು ತಾಳಿಕೊಳ್ಳುತ್ತದೆ ಅಂತ ತಿಂದು ನೋಡುವ ತನಕ ನಾನೂ ನಂಬಿರಲಿಲ್ಲ.

ಮುಸ್ಕಾದೆಯ ಕಷ್ಟದ ಕಾಲವನ್ನೂ ಹೇಳಬೇಕು. ಒಂದು ಕಾಲಕ್ಕೆ ಲಂಡನ್ನಿನ ರೆಸ್ಟೋರೆಂಟುಗಳಲ್ಲಿ ಬಿಳಿ ವೈನ್ ಅಂದರೆ ಇದೇ. ಬೇಡಿಕೆ ಏರಿತು, ಸಿಕ್ಕಸಿಕ್ಕಲ್ಲಿ ನೆಟ್ಟರು, ನೀರುನೀರಾದದ್ದನ್ನೂ ಮಾರಿದರು. 1991ರ ಏಪ್ರಿಲ್‌ನಲ್ಲಿ ಹಿಮ ಬಿದ್ದು ಚಿಗುರು ಕರಕಲಾಯಿತು. ಮಾಲು ಇಲ್ಲ, ಬೆಲೆ ಏರಿತು. ಗಿರಾಕಿ ಬೇರೆ ವೈನಿಗೆ ಹೋದ, ಹೋದವನು ಬರಲಿಲ್ಲ. 13,000 ಹೆಕ್ಟೇರ್ ಹತ್ತಿರ ಇದ್ದ ತೋಟಗಳು ಈಗ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿವೆ. 2021ರ ಏಪ್ರಿಲ್‌ನಲ್ಲಿ ಮತ್ತೆ ಅದೇ ಹಿಮ. ರಾತ್ರಿಯಿಡೀ ಸಾಲುಗಳ ನಡುವೆ ಮೇಣದ ಡಬ್ಬಿ ಹಚ್ಚಿ ಕಾಯುವವರ ಪಾಡು ಬೇಡ.

ಉಳಿದವರು ಹಿಡಿದ ದಾರಿ ಮತ್ತೆ ಗಸಿಯದ್ದೇ. ಒಳ್ಳೆಯ ಹೊಲ ಆರಿಸಿ, ಇಳುವರಿ ಕಮ್ಮಿ ಮಾಡಿ, ವೈನನ್ನು ಆರು ತಿಂಗಳ ಬದಲು ಒಂದೂವರೆ, ಎರಡು ವರ್ಷ ಗಸಿಯ ಮೇಲೆ ಇಟ್ಟರು. 2011ರಲ್ಲಿ ಕ್ಲಿಸೋಂ, ಗೋರ್ಜ್, ಲ ಪಲೇ ಊರುಗಳ ಹೆಸರನ್ನು ಬಾಟಲಿಯ ಮೇಲೆ ಹಾಕಲು ಅಪ್ಪಣೆ ಸಿಕ್ಕಿತು. ಆಮೇಲೆ ಇನ್ನೂ ಕೆಲವು ಊರು ಸೇರಿದವು. ಕ್ಲಿಸೋಂನದ್ದು ಗ್ರಾನೈಟ್ ನೆಲ, ಗೋರ್ಜ್‌ನದ್ದು ಗ್ಯಾಬ್ರೋ ಅನ್ನುವ ಕಪ್ಪು ಹಸಿರು ಕಲ್ಲು. ಒಂದೇ ದ್ರಾಕ್ಷಿ, ಹತ್ತಿರ ಹತ್ತಿರದ ಊರುಗಳು, ಆದರೆ ಎರಡು ಗ್ಲಾಸು ಪಕ್ಕಪಕ್ಕ ಇಟ್ಟರೆ ಬೇರೆ ಅಂತ ನನ್ನಂಥವನಿಗೂ ಗೊತ್ತಾಗುತ್ತದೆ. ಇವುಗಳನ್ನು ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಬಿಡಿ, ತೀರಾ ತಣ್ಣಗಿದ್ದರೆ ಬಾಯಿ ಬಿಡುವುದಿಲ್ಲ. ಕೆನೆ ಹಾಕಿದ ಕೋಳಿಗೂ ಇವು ಹೊಂದುತ್ತವೆ.

ಇನ್ನು ನಿಮ್ಮ ಪ್ರಶ್ನೆಗಳು.

"ಸಸ್ಯಾಹಾರಿಗಳು ಏನು ಮಾಡಬೇಕು ಸಾರ್?" ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಬೆರ್ ಬ್ಲಾಂನಲ್ಲಿ ಮೊಟ್ಟೆ ಇಲ್ಲ ಅಂದೆನಲ್ಲ, ಅದನ್ನು ಬೇಯಿಸಿದ ಬಿಳಿ ಆಸ್ಪರಾಗಸ್ ಮೇಲೆ ಹಾಕಿ. ಮೀನಿಗಿಂತ ಕಮ್ಮಿಯೇನಿಲ್ಲ. ನಾಂತ್ ಸುತ್ತಲಿನ ಮರಳು ನೆಲದಲ್ಲಿ ಮಾಶ್ ಅನ್ನುವ ಎಳೆ ಸೊಪ್ಪು ಬೆಳೆಯುತ್ತಾರೆ, ಅದರ ಜೊತೆ ಆಡಿನ ಹಾಲಿನ ಚೀಸು ಕೂಡ ಚೆನ್ನ. ಆದರೆ ಕಟ್ಟುನಿಟ್ಟಿನವರು ಎರಡು ವಿಷಯ ವಿಚಾರಿಸಿಕೊಳ್ಳಿ. ಬಹಳಷ್ಟು ಫ್ರೆಂಚ್ ಚೀಸಿಗೆ ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಕೆಲವರು ವೈನನ್ನು ತಿಳಿ ಮಾಡಲು ಮೀನಿನ ಅಂಟು ಬಳಸುತ್ತಾರೆ.

"ನಮ್ಮ ಮೀನು ಸಾರಿಗೆ ಆಗುತ್ತಾ?" ಇದಕ್ಕೆ ನನ್ನ ಉತ್ತರ ಕೆಲವರಿಗೆ ಬೇಸರ ತಂದಿತು. ರಜೆಗೆ ಬಂದಾಗ ಎರಡು ಬಾಟಲಿ ತಂದಿದ್ದೆ. ಕೆಂಪು ಮೆಣಸು, ಹುಣಸೆ, ತೆಂಗಿನಕಾಯಿ ಅರೆದ ಬಂಗುಡೆ ಸಾರಿನ ಮುಂದೆ ಅದು ಕಳೆದೇಹೋಯಿತು. ಹುಳಿಗೆ ಹುಳಿ, ಮೇಲೆ ಖಾರ. ಪಾಪ, ಏನು ಮಾಡೀತು? ಬರೀ ಉಪ್ಪು ಹಾಕಿ ಕಾವಲಿಯ ಮೇಲೆ ಸುಟ್ಟ ಕಾಣೆ ಮೀನಿಗೆ ಮಾತ್ರ ಸರಿಹೋಯಿತು. ಎಲ್ಲದಕ್ಕೂ ಎಲ್ಲವೂ ಹೊಂದಲೇಬೇಕು ಅಂತೇನಿಲ್ಲ. ಆ ಸಾರಿಗೆ ಕುಚಲಕ್ಕಿ ಅನ್ನ ಇದೆಯಲ್ಲ.

ಕೊನೆಯದಾಗಿ ಒಬ್ಬ ಹುಡುಗಿ ಕೇಳಿದಳು: "ಬಾಟಲಿಯಲ್ಲಿ ಗಸಿ ಕಾಣಲ್ಲ. ಹಾಗಾದ್ರೆ ಅದು ಕೊನೆಗೆ ಎಲ್ಲಿಗೆ ಹೋಗುತ್ತೆ?"

ಇದೇ ಪ್ರಶ್ನೆಯನ್ನು ನಾನು ಆ ತೋಟದ ಯಜಮಾನರಿಗೆ ಕೇಳಿದ್ದೆ. ಬಾಟಲಿ ತುಂಬಿಸಿ ಆದ ಮೇಲೆ ತೊಟ್ಟಿಯ ತಳದಲ್ಲಿ ಉಳಿಯುವ ಗಸಿಯನ್ನು ಅವರು ಟ್ಯಾಂಕರಿಗೆ ಹಾಕಿ ಬಟ್ಟಿ ಇಳಿಸುವ ಕಾರ್ಖಾನೆಗೆ ಕಳಿಸುತ್ತಾರೆ. ಅದರಲ್ಲಿ ಉಳಿದಿರುವ ಆಲ್ಕೋಹಾಲನ್ನು ಅಲ್ಲಿ ತೆಗೆಯುತ್ತಾರೆ. "ಡಚ್ಚರ ಕಾಲದಲ್ಲಿ ಇಡೀ ವೈನೇ ಅಲ್ಲಿಗೆ ಹೋಗುತ್ತಿತ್ತು. ಈಗ ತಳ ಮಾತ್ರ" ಅಂದರು. ಹಾಗೆ ಹೇಳಿ ಮುಚ್ಚಳ ಹಾಕಿ, ಕಾಲಿನಿಂದ ಒತ್ತಿ ಬಿಗಿ ಮಾಡಿದರು.